ನಾನು ಹೊತ್ತು ತಿರುಗಿದ ಕಾಲುಬಾಯಿ ಜ್ವರ

ಹೈಸ್ಕೂಲಿನಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಬಂದಿತ್ತು ಎಂಬ ಒಂದೇ ಬಲದ ಮೇಲೆ ನಾನು ನಮ್ಮೂರಿನ ಅರ್ಧ ದನದ ಡಾಕ್ಟರಾಗಿದ್ದೆ. ಕಳೆದ ವರ್ಷ ನಮ್ಮ ಕೊಟ್ಟಿಗೆಗೆ ಕಾಲುಬಾಯಿ ಜ್ವರ ಬಂದಾಗ ಹಸುವಿನ ನಾಲಿಗೆಯ ಹುಣ್ಣಿಗೆ ಜೇನುತುಪ್ಪ ಸವರಿದೆ. ಅದೇ ಕೈಯನ್ನು ಪಂಚೆಗೆ ಒರೆಸಿಕೊಂಡು ಊರನ್ನು ಎಚ್ಚರಿಸಲು ಹೊರಟೆ. ಮನೆಮನೆಯಲ್ಲೂ ದನಗಳ ಬಾಯಿ ಬಿಡಿಸಿ ನೋಡಿ, "ಇದಕ್ಕೇನೂ ಆಗಿಲ್ಲ" ಎಂದು ಘೋಷಿಸಿದೆ.

ವಾರದೊಳಗೆ ರೋಗ ಊರೆಲ್ಲ ಹಬ್ಬಿತು. ಪಕ್ಕದ ಮನೆಯ ವಿಧವೆಗಿದ್ದ ಒಂದೇ ಕರು ಏಳಲಾರದೆ ಮಲಗಿತು. ಹೊಸನಗರದಿಂದ ಬಂದ ಡಾಕ್ಟರು ರೋಗ ಯಾವ ಮನೆಯಿಂದ ಯಾವ ಮನೆಗೆ ಹೋಯಿತೆಂದು ಕೇಳಿದರು. ನಾನೇ ಮುಂದೆ ನಿಂತು ಒಂದೊಂದೇ ಮನೆ ಹೇಳತೊಡಗಿದೆ. ನಾಲ್ಕನೆಯದಕ್ಕೆ ಬಂದಾಗ ಹೊಳೆಯಿತು. ಅದು ಅವತ್ತು ನಾನು ಸುತ್ತಿದ ದಾರಿಯೇ ಆಗಿತ್ತು.

"ಈ ವೈರಸ್ಸಿನ ಮೈಮೇಲೆ ಪ್ರೋಟೀನಿನ ಚಿಪ್ಪು ಇರತ್ತೆ ಯಜಮಾನ್ರೆ," ಎಂದರು ಡಾಕ್ಟರು. "ದನದ ಜೀವಕೋಶ ಸಿಕ್ರೆ ಆ ಚಿಪ್ಪು ಅಂಟ್ಕೊಂಡು ವೈರಸ್ಸನ್ನ ಒಳಗೆ ಸೇರಿಸತ್ತೆ. ಮನುಷ್ಯರಿಗೆ ಏನೂ ಮಾಡಲ್ಲ, ಕೈಮೇಲೆ ಸವಾರಿ ಮಾಡತ್ತೆ ಅಷ್ಟೆ. ಯಾವ ಮಹಾನುಭಾವರು ಸುತ್ತಾಡ್ಸಿದ್ರೋ."

ಆ ಮಹಾನುಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಮರುದಿನ ಕರು ಸತ್ತಿತು. ಪಕ್ಕದ ಮನೆಯಾಕೆಯ ಬೇಲಿಯ ಹೊರಗೇ ನಿಂತು ತಪ್ಪು ಒಪ್ಪಿಕೊಂಡೆ. ಆಕೆ ಬೈಯಲಿಲ್ಲ.

"ಕೈ ತೊಳ್ಕೊಂಡ್ರಾ ಅಂತ ಅವತ್ತೇ ಕೇಳ್ಬೇಕು ಅನ್ಸಿತ್ತು ಅಣ್ಣಯ್ಯ. ಓದಿದೋರು, ಹೆಂಗೆ ಕೇಳೋದು ಅಂತ ಸುಮ್ನಿದ್ದೆ," ಎಂದಳು.

ಉಳಿದ ಮನೆಗಳವರಿಗೆ ಎದುರು ನಿಂತು ಹೇಳುವ ಧೈರ್ಯ ಇನ್ನೂ ಬಂದಿಲ್ಲ. ಅದಕ್ಕೇ ಬರೆದಿದ್ದೇನೆ.