ಬಿಚ್ಚದ ಮಡಿಕೆ

ದರ್ಜಿಯ ಮಗ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿಯುತ್ತಿದ್ದ. ಅಲ್ಲಿ ಜಾಗ ಇಕ್ಕಟ್ಟು, ಇವನು ಕುಳ್ಳ. ಆರಿಸಿದ ಮಹನೀಯರಿಗೆ ಅಷ್ಟು ಸಾಕಿತ್ತು, ವಯಸ್ಸು ಯಾರಿಗೆ ಬೇಕು?

ರಜೆಗೆ ಬಂದಾಗ ಅವನ ಸಮವಸ್ತ್ರ ದೊಗಳೆಯಾಗಿತ್ತು. ಅಪ್ಪ ಪ್ಯಾಂಟಿನ ತುದಿಯಲ್ಲಿ ಹೆಚ್ಚಾದ ಬಟ್ಟೆ ಕತ್ತರಿಸದೆ ಒಳಗೆ ಮಡಿಸಿ ಹೊಲಿದ.

"ಯಾಕಪ್ಪಾ, ಇನ್ನೂ ಉದ್ದ ಆಗ್ತೀನಾ?"

"ಹತ್ತೊಂಬತ್ತರಲ್ಲಿ ನಾನೂ ಕುಳ್ಳನೇ ಕಣೋ. ಆಮೇಲೆ ಬೆಳೆದೆ."

"ಬೆಳೆದೂ ಇಷ್ಟೇನಾ!" ಮಗ ನಕ್ಕ.

ಮುಂದಿನ ದಾಳಿಯಲ್ಲಿ ಅವನ ವಿಮಾನ ಉರಿದು ಸಮುದ್ರಕ್ಕೆ ಬಿತ್ತು. ದೇಹ ಸಿಗಲಿಲ್ಲ. ಶಿಬಿರದಲ್ಲಿ ಉಳಿದಿದ್ದ ಸಮವಸ್ತ್ರವನ್ನು ಅಧಿಕಾರಿಯೊಬ್ಬ ಅಂಗಡಿಗೇ ತಂದುಕೊಟ್ಟು, "ನಿಮ್ಮ ಮಗ ತುಂಬಾ ದೊಡ್ಡವನಾಗಿಬಿಟ್ಟ," ಎಂದ.

ದರ್ಜಿ ಪ್ಯಾಂಟಿನ ತುದಿ ಮಗುಚಿ ತೋರಿಸಿದ.

"ಎಲ್ಲಿ ದೊಡ್ಡವನಾದ ಸ್ವಾಮಿ? ನಾನು ಹಾಕಿದ ಹೊಲಿಗೆ ಹಾಗೇ ಇದೆಯಲ್ಲ."