ಸದಾಶಿವರಾಯರಿಗೆ ಸಿಕ್ಕ ದೊಡ್ಡ ಪಾತ್ರ

ಬೆಂಗಳೂರಿನ ಸಿನಿಮಾ ಜನಕ್ಕೆ ಸದಾಶಿವರಾಯರ ಮುಖ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ನಾಯಕಿಯ ಸೋದರಮಾವ, ತಡವಾಗಿ ಬರುವ ಇನ್‌ಸ್ಪೆಕ್ಟರ್, ಮಧ್ಯಂತರಕ್ಕೆ ಮೊದಲೇ ಸಾಯುವ ಪೋಸ್ಟ್‌ಮಾಸ್ಟರ್, ಇಂಥವೇ. ಊಟದೆಲೆಯ ಉಪ್ಪಿನಕಾಯಿಯಂಥ ಬಾಳು. ಸಿಕ್ಕ ಒಂದು ದೃಶ್ಯಕ್ಕೇ ಒಂದು ಕೆಮ್ಮನ್ನೋ ಕುಂಟನ್ನೋ ಸೇರಿಸಿ ನಿರ್ದೇಶಕರಿಂದ ಬೈಸಿಕೊಳ್ಳುವುದು ಅವರ ಚಾಳಿ.

ಹೆಂಡತಿ ತೀರಿಕೊಂಡ ಮೇಲೆ ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ, ಅಲ್ಲಿನ ಕ್ಯಾಲಮ್‌ವೇಲ್ ಬಡಾವಣೆಯಲ್ಲಿದ್ದ ಡಾಕ್ಟರ್ ಮಗಳು ಮಾಲವಿಕಾಳ ಮನೆಗೆ ಬಂದರು. ಅಲ್ಲಿ ಅವರ ಕಲೆಗೆ ವಿಚಿತ್ರ ಗಿರಾಕಿ ಸಿಕ್ಕಿತು. ಹೊರದೇಶದಲ್ಲಿ ಓದಿದ ವೈದ್ಯರಿಗೆ ಅಲ್ಲಿ ಕೆಲಸ ಮಾಡುವ ಮುನ್ನ ಪರೀಕ್ಷೆ ಇರುತ್ತದೆ. ಅದರಲ್ಲಿ ಮಂಚದ ಮೇಲೆ ಮಲಗುವ ರೋಗಿ ರೋಗಿಯಲ್ಲ, ನಟ. ಏನೇ ಆದರೂ ಅವನು ಪಾತ್ರ ಬಿಡಕೂಡದು. ಮಗಳ ಸ್ನೇಹಿತರ ಅಭ್ಯಾಸಕ್ಕೆಂದು ರಾಯರು ಹೊಟ್ಟೆನೋವು, ಎದೆನೋವು ಎಲ್ಲ ಅಭಿನಯಿಸಿದರು. ಹೆಸರು ಹಬ್ಬಿತು. ಅಡಿಲೇಡ್‌ಗೂ ಹೋಗಿಬಂದರು. ಈಗ ಪರ್ತ್‌ನಿಂದ ಕರೆ: ಪಾರ್ಶ್ವವಾಯು ಬಡಿದ ಮುದುಕನ ಪಾತ್ರ, ಇಡೀ ದೃಶ್ಯ ಅವರದೇ.

ಹೊರಡುವ ಹಿಂದಿನ ದಿನ ಅವರ ಎಡಗೈಯಿಂದ ಕಾಫಿ ಲೋಟ ಜಾರಿತು. ತುಟಿಯ ಒಂದು ಪಕ್ಕ ಜೋಮು ಹಿಡಿದಿತ್ತು.

"ಅಪ್ಪಾ, ಎರಡೂ ಕೈ ಎತ್ತಿ," ಎಂದಳು ಮಾಲವಿಕಾ. ಅವಳ ಮುಖ ಬಿಳಿಚಿಕೊಂಡಿತ್ತು.

ಆಸ್ಪತ್ರೆಗೆ ಹೋದರೆ ಪರ್ತ್‌ನ ಪಾತ್ರ ಕೈತಪ್ಪುತ್ತದೆ ಎಂದು ರಾಯರಿಗೆ ಹೊಳೆಯಿತು. ಅಷ್ಟರಲ್ಲಿ ಕೈಗೆ ಹಿಡಿತ ಮರಳಿತು. ರಾಯರು ಎರಡೂ ಕೈ ಎತ್ತಿ ನಕ್ಕುಬಿಟ್ಟರು.

"ಪ್ರಾಕ್ಟೀಸ್ ಮಾಡ್ತಿದ್ದೆ ಕಣೇ! ಡಾಕ್ಟರಮ್ಮನೇ ಬೇಸ್ತು ಬಿದ್ಬಿಟ್ಲು!"

"ಥೂ, ಹೀಗೆಲ್ಲ ಹೆದರಿಸ್ಬೇಡಿ. ನನ್ನ ಪ್ರಾಣವೇ ಹೋದಂಗಾಯ್ತು," ಎಂದು ಗದರಿ ಅವಳು ನೆಲ ಒರೆಸಿದಳು.

ಮಗಳಿಗೆ ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಡಾಕ್ಟರನ್ನೇ ನಂಬಿಸಿದೆನೆಂದು ಹೆಮ್ಮೆಯಾಯಿತು. ವಿನಾಶಕಾಲೇ ವಿಪರೀತ ಬುದ್ಧಿ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಪರ್ತ್‌ನಲ್ಲಿ ಮೊದಲ ಇಬ್ಬರು ಅಭ್ಯರ್ಥಿಗಳ ಮುಂದೆ ರಾಯರು ನಟಿಸಿದರು. ಆಮೇಲೆ ಬಂದವಳು ಅದಿತಿ ಎಂಬ ಹುಡುಗಿ. ಕೈ ಎತ್ತಲು ಹೇಳಿದಳು. ಎಡಗೈ ನಿಜವಾಗಿಯೇ ಏಳಲಿಲ್ಲ. ಇದು ನಟನೆಯಲ್ಲ ಎಂದು ಹೇಳಹೋದರೆ ನಾಲಿಗೆ ಹೊರಳದೆ ಬರೀ ಜೊಲ್ಲು ಸುರಿಯಿತು. ಮೂಲೆಯಲ್ಲಿ ಕುಳಿತಿದ್ದ ಪರೀಕ್ಷಕ ಮೆಚ್ಚಿ ತಲೆದೂಗಿದ. ರಾಯರು ಬಲಗೈಯಿಂದ ಅದಿತಿಯ ತೋಳು ಹಿಡಿದುಕೊಂಡರು.

"ಹೆದರ್ಕೋಬೇಡಿ ಅಂಕಲ್, ಇದು ಸ್ಟ್ರೋಕ್. ಈಗ್ಲೇ ಸ್ಕ್ಯಾನ್ ಮಾಡಿಸ್ತೀವಿ. ಒಂದು ನಿಮಿಷಾನೂ ತಡಮಾಡಲ್ಲ," ಎಂದಳು ಅವಳು, ಪರೀಕ್ಷೆಗೆಂದು ಕಲಿತಿದ್ದ ಕನಿಕರದಲ್ಲಿ.

ಅವಳ ಸರದಿ ಮುಗಿದ ಗಂಟೆ ಹೊಡೆಯಿತು. ಅವಳು ಮೆಲ್ಲಗೆ ತೋಳು ಬಿಡಿಸಿಕೊಂಡು ಹೊರಟುಹೋದಳು. ಇನ್ನೊಬ್ಬ ಬಂದ, ಅವನೂ ಸರಿಯಾಗಿಯೇ ಹೇಳಿದ. ಹೀಗೆ ಒಬ್ಬರ ಹಿಂದೊಬ್ಬರು ಬಂದು, ರಾಯರ ಕಾಯಿಲೆಯನ್ನು ತಪ್ಪಿಲ್ಲದೆ ಗುರುತಿಸಿ, ಬಾಗಿಲು ಮುಚ್ಚಿಕೊಂಡು ಹೋದರು.