ಚಿಮಣಿಗೆ ಕಟ್ಟಿದ ಗೋಣಿಚೀಲ

ನನ್ನ ಅಕ್ಕನನ್ನು ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಗೆ ಕೊಟ್ಟಿದೆ. ಅವಳ ಮನೆಯ ಹಿಂದೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ. ನೋಡದವರಿಗೆ ಹೇಳುವುದಾದರೆ, ಅದು ಎತ್ತರದ, ಕತ್ತಲೆಯ ಒಂದು ಕೋಣೆ. ಒಲೆ ಹೊರಗಿರುತ್ತದೆ. ಬೆಂಕಿಯ ಹೊಗೆ ದಪ್ಪ ತಗಡಿನ ಪೈಪಿನೊಳಗೇ ಕೋಣೆಯನ್ನು ಸುತ್ತಿ ಚಿಮಣಿಯಿಂದ ಆಚೆ ಹೋಗುತ್ತದೆ. ಮೇಲೆ ಕಡ್ಡಿಗಳಲ್ಲಿ ಸಾಲಾಗಿ ತೂಗುವ ಹಸಿರು ಎಲೆಗೆ ತಾಗುವುದು ಕಾವು ಮಾತ್ರ. ಕಾವು ಹದವಾಗಿದ್ದರೆ ಎಲೆ ಬಂಗಾರದ ಬಣ್ಣಕ್ಕೆ ತಿರುಗುತ್ತದೆ. ಹದ ತಪ್ಪಿದರೆ ಕರ್ರಗಾಗುತ್ತದೆ, ಆಗ ಹರಾಜಿನಲ್ಲಿ ಅದನ್ನು ಕಣ್ಣೆತ್ತಿ ನೋಡುವವರಿಲ್ಲ.

ಎಲೆ ಮುರಿದ ದಿನವೇ ಕಡ್ಡಿಗೆ ಕಟ್ಟಿ ಒಳಗೆ ಏರಿಸಬೇಕು. ಒಂದು ಮನೆಯ ಕೈಗಳಿಗೆ ಆಗುವ ಕೆಲಸವಲ್ಲ. ಅದಕ್ಕೇ ಆ ಕಡೆ ಮುಯ್ಯಾಳು ಪದ್ಧತಿ ಇನ್ನೂ ಉಳಿದಿದೆ. ಇವತ್ತು ನಿಮ್ಮ ಮನೆಯವರು ನಮ್ಮಲ್ಲಿ ಬಂದು ಕಟ್ಟಿದರೆ ನಾಳೆ ನಾವು ನಿಮ್ಮಲ್ಲಿ ಕಟ್ಟಿ ಮುಯ್ಯಿ ತೀರಿಸುತ್ತೇವೆ. ಅಕ್ಕನಿಗೆ ಹಾಗೆ ಬರುತ್ತಿದ್ದವರಲ್ಲಿ ಮುಖ್ಯಳು ಪಕ್ಕದ ಮನೆಯಾಕೆ. ಅಕ್ಕನಿಗಿಂತ ಚಿಕ್ಕವಳು, ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವಳು ಬಂದರೆ ಅವಳ ಸೊಸೆ, ಓರಗಿತ್ತಿ, ಓಣಿಯ ಅರ್ಧ ಹೆಂಗಸರು ಹಿಂದೆಯೇ ಬರುತ್ತಿದ್ದರು. ಅವಳು ಬಾರದಿದ್ದರೆ ಯಾರೂ ಇಲ್ಲ.

ಆ ಹಂಗಾಮಿನಲ್ಲಿ ಸೌದೆ ಸಿಕ್ಕಲಿಲ್ಲ. ಭಾವ ಯಾವುದೋ ಲಾರಿಯವನಿಂದ ಕಲ್ಲಿದ್ದಲು ಹಾಕಿಸಿಕೊಂಡರು. ಜಿಟಿಜಿಟಿ ಮಳೆಯ ದಿನಗಳು. ಹೊಗೆ ಮೇಲೇರದೆ ನೇರವಾಗಿ ಪಕ್ಕದ ಮನೆಯ ಹಟ್ಟಿಗೆ ಇಳಿಯುತ್ತಿತ್ತು. ಆಕೆ ಮೊದಮೊದಲು ಒಗೆದ ಬಟ್ಟೆಗೆ ಮಸಿ ಕೂರುತ್ತದೆಂದು ಗೊಣಗಿದಳು, ಅಷ್ಟೆ. ಮಸಿಗೆ ಸೋಪು ಇದೆ. ಅಲ್ಲಿಗೇ ನಿಂತಿದ್ದರೆ ಎಲ್ಲ ಚೆನ್ನಾಗಿರುತ್ತಿತ್ತು.

ನಿಲ್ಲಗೊಡದವನು ನಾನು. ಹುಣಸೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿ ನಿವೃತ್ತನಾದವನು. ನಿವೃತ್ತಿ ಶಾಲೆಯಿಂದ ಮಾತ್ರ ಆಗಿದೆ. ಎದುರಿಗೆ ಯಾರಾದರೂ ಕೂತರೆ ಪಾಠ ತಾನಾಗಿ ಶುರುವಾಗುತ್ತದೆ. ಅಕ್ಕನ ಜಗಲಿಯಲ್ಲಿ ಕಾಫಿ ಕುಡಿಯುತ್ತ, ಎಲೆ ಕಟ್ಟುತ್ತಿದ್ದ ಹೆಂಗಸರಿಗೆಲ್ಲ ಕೇಳುವಂತೆ, ಕಲ್ಲಿದ್ದಲಿನಲ್ಲಿ ಕೊಂಚ ಪಾದರಸ ಸೇರಿರುತ್ತದೆ, ಉರಿದಾಗ ಆವಿಯಾಗಿ ಹೊಗೆಯ ಜೊತೆ ಹಾರುತ್ತದೆ, ಮಳೆಯಲ್ಲಿ ಇಳಿದು ಕೆರೆ ಸೇರುತ್ತದೆ, ಮೀನಿನ ಮೈ ಸೇರುತ್ತದೆ ಎಂದು ವಿವರಿಸಿದೆ. ಇದರಲ್ಲಿ ಸುಳ್ಳೇನೂ ಇರಲಿಲ್ಲ. ನಾವ್ಯಾರೂ ಮೀನು ತಿನ್ನುವವರಲ್ಲವಲ್ಲ ಎಂದು ಅಕ್ಕ ಮಾತು ಮುಗಿಸಲು ನೋಡಿದಳು. ನಾನು ಬಿಡಬೇಕಲ್ಲ. ಉಸಿರಾಡುತ್ತೀರಲ್ಲ ಎಂದೆ. ಮಕ್ಕಳ ಮಿದುಳಿಗೆ ಎಂದೂ ಸೇರಿಸಿದೆ.

ಪಕ್ಕದ ಮನೆಯಾಕೆಯ ಕೈ ನಿಂತಿತು. ಅವಳ ಮೊಮ್ಮಗುವಿಗೆ ಆಗಿನ್ನೂ ಹಲ್ಲು ಬರುತ್ತಿತ್ತು. ಕಟ್ಟುತ್ತಿದ್ದ ಕಡ್ಡಿಯನ್ನು ಮುಗಿಸಿ, ಅಚ್ಚುಕಟ್ಟಾಗಿ ಗೋಡೆಗೆ ಒರಗಿಸಿ ಎದ್ದು ಹೋದಳು. ಮರುದಿನ ಅವಳೂ ಬರಲಿಲ್ಲ, ಅವಳ ಹಿಂದಿನವರೂ ಬರಲಿಲ್ಲ. ಮುರಿದು ತಂದ ಎಲೆ ಕೊಟ್ಟಿಗೆಯಲ್ಲಿ ಬಾಡುತ್ತ ಬಿದ್ದಿತ್ತು. ಅಕ್ಕ, ಭಾವ, ಜೊತೆಗೆ ಅಪರಾಧಿಯಾದ ನಾನು ಮೂವರೇ ಸೊಂಟ ಬೀಳುವ ತನಕ ಕಟ್ಟಿದೆವು. ಹೊಲದಲ್ಲಿ ಇನ್ನೂ ಅರ್ಧಕ್ಕರ್ಧ ಎಲೆ ನಿಂತಿತ್ತು. ಪಕ್ಕದ ಮನೆಯವಳ ಮುನಿಸು ಇಳಿಯದಿದ್ದರೆ ಅದು ಗಿಡದಲ್ಲೇ ಹಣ್ಣಾಗಿ ಹೋಗುತ್ತಿತ್ತು.

ಅಕ್ಕ ನನ್ನನ್ನು ಬೈಯಲಿಲ್ಲ. ಮಜ್ಜಿಗೆ ಕೊಡುತ್ತ ಇಷ್ಟೇ ಹೇಳಿದಳು: "ಬಾಯಲ್ಲಿ ಕೆಡಿಸ್ದೋನು ನೀನು ಕಣ್ಲಾ ತಮ್ಮ. ಕೈಯಲ್ಲಿ ಏನಾರ ಮಾಡಿ ಸರಿಮಾಡು."

ಮಾಡಲು ನನ್ನ ಹತ್ತಿರ ಉಪಾಯವಿತ್ತು. ದೊಡ್ಡ ದೊಡ್ಡ ಕುಲುಮೆಗಳಲ್ಲಿ ಹೊಗೆಗೆ ನುಣ್ಣನೆಯ ಇದ್ದಿಲಪುಡಿ ಊದುತ್ತಾರೆ. ಪಾದರಸ ಆ ಪುಡಿಗೆ ಅಂಟಿಕೊಳ್ಳುತ್ತದೆ; ಮುಂದೆ ಬಟ್ಟೆಯ ಚೀಲಗಳಲ್ಲಿ ಪುಡಿಯನ್ನು ಹಿಡಿಯುತ್ತಾರೆ. ಪುಡಿಗೆ ಗಂಧಕ ಸೇರಿಸಿದರೆ ಹಿಡಿತ ಇನ್ನೂ ಗಟ್ಟಿ. ಇಷ್ಟನ್ನು ಮೊಬೈಲಿನಲ್ಲಿ ಓದಿದ್ದೆ. ಇದ್ದಿಲು ಎಂದರೆ ಎಲ್ಲ ಇದ್ದಿಲೂ ಅಲ್ಲ, ಹೊಗೆಯನ್ನು ಮೊದಲು ತಣಿಸಬೇಕು, ಅದನ್ನು ಎಳೆಯಲು ದೊಡ್ಡ ಫ್ಯಾನು ಬೇಕು ಎಂಬ ಸಾಲುಗಳೂ ಅಲ್ಲೇ ಇದ್ದವು. ಮಕ್ಕಳಿಗೆ ಪ್ರಶ್ನೆಪತ್ರಿಕೆಯನ್ನು ಪೂರ್ತಿ ಓದಿ ಎಂದು ಮೂವತ್ತು ವರ್ಷ ಹೇಳಿದವನು ಆ ಸಾಲುಗಳನ್ನು ಹಾರಿಸಿ ಓದಿದೆ.

ತೆಂಗಿನ ಕರಟ ಸುಟ್ಟು ಕುಟ್ಟಿ ಪುಡಿ ಮಾಡಿದೆ. ಬೂದಿರೋಗಕ್ಕೆಂದು ಭಾವ ತಂದಿಟ್ಟಿದ್ದ ಗಂಧಕ ಬೆರೆಸಿದೆ. ತಂತಿಯ ಬುಟ್ಟಿಯಲ್ಲಿ ಅದನ್ನು ತುಂಬಿ, ಏಣಿ ಹತ್ತಿ ಚಿಮಣಿಯ ಬಾಯಿಗೆ ಕೂರಿಸಿ, ಮೇಲೆ ನೆನೆಸಿದ ಗೋಣಿಚೀಲ ಹೊದಿಸಿ ಬಿಗಿಯಾಗಿ ಕಟ್ಟಿದೆ. ಅವತ್ತು ಭಾವ ನೆಂಟರ ಮನೆಯ ಕಾರ್ಯಕ್ಕೆಂದು ಕೆ.ಆರ್. ನಗರಕ್ಕೆ ಹೋಗಿದ್ದರು. ಅವರಿದ್ದಿದ್ದರೆ ಏಣಿಯನ್ನೇ ಕೊಡುತ್ತಿರಲಿಲ್ಲ. ಒಳಗೆ ನಾವು ಮೂವರು ಕಟ್ಟಿದ ಎಲೆ ಹಳದಿಗೆ ತಿರುಗುತ್ತಿತ್ತು. ಕೆಳಗಿಳಿದು ನೋಡಿದೆ. ಚಿಮಣಿಯಿಂದ ಹೊಗೆ ಬರುವುದು ನಿಂತಿತ್ತು. ಅಕ್ಕನನ್ನು ಕರೆದು ತೋರಿಸಿದೆ. ಒಂದೆಳೆ ಹೊಗೆಯಿಲ್ಲ.

ಮೇಲೆ ಹೋಗದ ಹೊಗೆ ಎಲ್ಲಿಗೆ ಹೋಗುತ್ತದೆಂದು ನಾನು ಯೋಚಿಸಿರಲಿಲ್ಲ. ಅದು ಒಲೆಯ ಬಾಯಿಂದ ಭಗ್ಗನೆ ಹಿಂದಕ್ಕೆ ಬಂತು, ಪೈಪಿನ ಬೆಸುಗೆಗಳಿಂದ ಬ್ಯಾರನ್ನಿನ ಒಳಗೂ ನುಗ್ಗಿತು. ಬುಟ್ಟಿಯಲ್ಲಿದ್ದ ಗಂಧಕ ಕಿಡಿ ತಗುಲಿ ನೀಲಿಯಾಗಿ ಉರಿಯತೊಡಗಿ, ಆ ಘಾಟಿಗೆ ಓಣಿಯ ನಾಯಿಗಳೆಲ್ಲ ಸೀನಿದವು. ಎಲೆಗೆ ಹೊಗೆ ಹಿಡಿಯಿತೋ ಏನೋ ಎಂದು ನಾನು ಒಳಗೆ ನುಗ್ಗಿದೆ. ಕಣ್ಣು ಕಾಣದೆ ತಲೆ ಯಾವುದಕ್ಕೋ ಬಡಿಯಿತು. ಏನೋ ಟಣ್ಣೆಂದು ನೆಲಕ್ಕೆ ಬಿತ್ತು. ಕಾವು ನೋಡಲು ತೂಗುಹಾಕಿದ್ದ ಥರ್ಮಾಮೀಟರ್. ಹಳೆಯ ಕಾಲದ್ದು, ಉದ್ದನೆಯ ಗಾಜಿನದ್ದು, ಹೊಟ್ಟೆಯ ತುಂಬ ಪಾದರಸ ಇದ್ದದ್ದು.

ಹೊಗೆಯಲ್ಲಿದ್ದ, ಯಾರೂ ಕಾಣದ ಪಾದರಸವನ್ನು ಹಿಡಿಯಲು ಹೊರಟವನು, ಎಲ್ಲರಿಗೂ ಕಾಣುವಷ್ಟು ಪಾದರಸವನ್ನು ಅಕ್ಕನ ಬ್ಯಾರನ್ನಿನಲ್ಲಿ ಚೆಲ್ಲಿದ್ದೆ.

ಆ ಕಡೆಯ ಊರುಗಳಲ್ಲಿ ಬ್ಯಾರನ್ನಿಗೆ ಬೆಂಕಿ ಬಿದ್ದರೆ ಯಾರೂ ಜಗಳ ನೆನಪಿಟ್ಟುಕೊಳ್ಳುವುದಿಲ್ಲ. ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಹಿಡಿದು ಓಡಿ ಬರುತ್ತಾರೆ. ಹೊಗೆ ಕಂಡು ಎಲ್ಲರಿಗಿಂತ ಮೊದಲು ಓಡಿ ಬಂದವಳು ಪಕ್ಕದ ಮನೆಯಾಕೆ. ಎಲ್ಲಿ ಬೆಂಕಿ ಎಂದು ತಿಳಿಯದೆ, ಕೆಮ್ಮುತ್ತ ಹೊರಬಂದ ನನ್ನ ಮೇಲೇ ಕೊಡದ ನೀರನ್ನು ಎಸೆದಳು. ಆಮೇಲೆ ತಲೆಯೆತ್ತಿ ಚಿಮಣಿ ನೋಡಿದಳು.

"ಯಾವ ಬುದ್ಧಿವಂತ ಇದ್ಕೆ ಚೀಲ ಕಟ್ದೋನು?"

"ಇನ್ಯಾರವ್ವ," ಎಂದಳು ಅಕ್ಕ. "ನಮ್ಮ ಮೇಷ್ಟ್ರು."

ಚೀಲ ಬಿಚ್ಚಲು ನನ್ನನ್ನೇ ಏಣಿ ಹತ್ತಿಸಿದರು. ಚಿಮಣಿ ಉಸಿರೆಳೆದುಕೊಂಡಿತು, ಒಲೆ ದಾರಿಗೆ ಬಂತು. ಆದರೆ ಬಾಗಿಲು ತೆರೆದಷ್ಟು ಹೊತ್ತೂ ಕಾವು ಹೊರಗೆ ಹೋಗುತ್ತಿತ್ತು. ಮುಚ್ಚಿದರೆ ಆ ಬಿಸಿಯಲ್ಲಿ ನೆಲದ ಪಾದರಸ ಆವಿಯಾಗುತ್ತಿತ್ತು. ಮೂಗಿಗೆ ಬಟ್ಟೆ ಕಟ್ಟಿ, ಟಾರ್ಚ್ ಹಿಡಿದು ಬಾಗಿಲ ಬಳಿ ಹೋದೆ. ಪುಣ್ಯಕ್ಕೆ ಅದು ಬಿಸಿ ಪೈಪಿನ ಮೇಲೆ ಬಿದ್ದಿರಲಿಲ್ಲ. ಬಾಗಿಲ ಹತ್ತಿರದ ಮಣ್ಣಿನಲ್ಲಿ ಗುಂಡುಗುಂಡಾಗಿ ಹೊಳೆಯುತ್ತಿತ್ತು. ಹಿಂದೆಯೇ ಬಂದ ಅಕ್ಕ, ಎಷ್ಟು ಚೆನ್ನಾಗಿದೆ ಎಂದು ಕೈಚಾಚಿದಳು. ಮುಟ್ಟಿದರೆ ಬಂಗಾರದ ಉಂಗುರ ಬೆಳ್ಳಗಾಗುತ್ತದೆ ಎಂದೆ. ಅವತ್ತು ನಾನು ಹೇಳಿದ್ದರಲ್ಲಿ ತಕ್ಷಣ ಫಲ ಕೊಟ್ಟದ್ದು ಅದೊಂದೇ ಮಾತು.

ಉಳಿದಿದ್ದ ಗಂಧಕವನ್ನು ಎರಚಿ, ಗುಂಡುಗಳನ್ನು ರಟ್ಟಿನ ತುಂಡಿನಿಂದ ಕೂಡಿಸಿ, ಮಣ್ಣು ಸಮೇತ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ. ಪಕ್ಕದ ಮನೆಯಾಕೆ ಹೊಸ್ತಿಲಾಚೆ ನಿಂತು ಎಲ್ಲ ನೋಡುತ್ತಿದ್ದಳು.

"ಹೊಗೇಲದೆ ಅಂದ್ರಲ್ಲ ಮೇಷ್ಟ್ರೇ, ಅದು ಇದೇನಾ?"

ಅದೇ, ಆದರೆ ಹೊಗೆಯಲ್ಲಿ ಇಷ್ಟೆಲ್ಲ ಇರುವುದಿಲ್ಲ, ಕಣ್ಣಿಗೆ ಕಾಣದಷ್ಟು ಇರುತ್ತದೆ ಎಂದೆ.

"ಕಾಣ್ದೆ ಇದ್ದುದ್ದ ಕಾಣಂಗೆ ಮಾಡುದ್ರಿ ಬುಡಿ," ಎಂದು ಅವಳು ತನ್ನ ಮನೆಯ ಕಡೆ ನಡೆದಳು.

ಮುಗಿಯಿತು ಎಂದುಕೊಂಡೆ. ಅಕ್ಕನೂ ಹಾಗೇ ಅಂದುಕೊಂಡಳೆಂದು ಕಾಣುತ್ತದೆ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಆದರೆ ಪಕ್ಕದ ಮನೆಯಾಕೆ ಹೋದದ್ದು ತನ್ನ ಬ್ಯಾರನ್ನಿಗೆ. ಅಲ್ಲಿ ಆಗ ಎಲೆ ಇರಲಿಲ್ಲ. ಗೋಡೆ ಗಡಿಯಾರದಂತಹ ಗುಂಡನೆಯ ಮುಳ್ಳಿನ ಥರ್ಮಾಮೀಟರನ್ನು ಬಿಚ್ಚಿ ತಂದು ಅಕ್ಕನ ಕೈಗಿತ್ತಳು. ಅದರೊಳಗೆ ಪಾದರಸ ಇಲ್ಲವೆಂದು ನನ್ನ ಬಾಯಿಂದ ಕೇಳಿ ಖಾತ್ರಿ ಮಾಡಿಕೊಂಡೇ ಕೊಟ್ಟಳು. ಆಮೇಲೆ ಒಲೆಯ ಪಕ್ಕದ ಕಲ್ಲಿದ್ದಲಿನ ರಾಶಿಯನ್ನು ಕಾಲಿನಿಂದ ಒದ್ದು, ಅಕ್ಕನನ್ನು ನೋಡದೆಯೇ ಹೇಳಿದಳು: "ಇದೊಂದ್ ಬ್ಯಾರನ್ ಬೇಯ್ಸ್ಕೊ ಅಕ್ಕ. ಇನ್ನೊಂದ್ಸಲ ಇದ್ನ ಹಚ್ಚುದ್ರೆ ನಾನು ಈ ಹಟ್ಟಿ ತುಳಿಯಾಕಿಲ್ಲ. ನನ್ ಮಗ ತ್ವಾಟದಲ್ಲಿ ಸಿಲ್ವರ್ ಮರ ಕಡುಸ್ತಾವ್ನೆ, ಸೌದೆ ತಕ್ಕೊ."

ಅಕ್ಕ ಆಗಲಿ ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಧಕದ ಘಾಟು ಎಂದಳು.

ಆ ಬ್ಯಾರನ್ನಿನ ಎಲೆ ಪೂರ್ತಿ ಕೆಡಲಿಲ್ಲ. ಕೆಳಗಿನ ಸಾಲುಗಳಿಗೆ ಹೊಗೆ ಹಿಡಿದಿತ್ತು, ಮೇಲಿನವು ಬಣ್ಣ ಬಂದವು. ಊರಿಂದ ಮರಳಿದ ಭಾವ ಕೆಳಗಿನ ಎಲೆಯನ್ನು ಮೂಸಿ ನನ್ನನ್ನು ನೋಡಿದರು. ಉಳಿದ ಕಲ್ಲಿದ್ದಲನ್ನು ಪಕ್ಕದೂರಿನಲ್ಲಿ ಇಟ್ಟಿಗೆ ಸುಡುವವನಿಗೆ ಕೊಟ್ಟರು. ಅಲ್ಲಿಗೆ ನಾನು ಹೊಗೆಯಿಂದ ಪಾದರಸ ತೆಗೆದದ್ದು ಏನೂ ಇಲ್ಲ, ಪಕ್ಕದೂರಿಗೆ ಸಾಗಿಸಿದೆ. ಬಾಟಲಿಯನ್ನು ಚೀಲದಲ್ಲಿಟ್ಟು, ಬಸ್ಸಿನಲ್ಲಿ ರಸ್ತೆಯ ಪ್ರತಿ ಉಬ್ಬಿಗೂ ಬೆವರುತ್ತ ಹುಣಸೂರಿಗೆ ತಂದೆ. ಎಲ್ಲಿ ಕೊಡಬೇಕೆಂದು ಕೇಳದ ಕಡೆಯಿಲ್ಲ; ಯಾರಿಗೂ ಅದು ಬೇಡ. ಈಗಲೂ ಅದು ನನ್ನ ಮನೆಯ ಹಿಂದಿನ ಶೆಡ್ಡಿನಲ್ಲೇ ಇದೆ.

ಮುಂದಿನ ಸಲ ಅಕ್ಕನ ಎಲೆ ಮುರಿದ ದಿನ ಪಕ್ಕದ ಮನೆಯಾಕೆ ಬಂದಳು, ಓಣಿಯೂ ಬಂತು. ಆದರೆ ಈ ಮುಯ್ಯಿಯನ್ನು ತೀರಿಸಲು ಅಕ್ಕನ ಜೊತೆ ಮೇಷ್ಟ್ರೂ ಬಂದು ತನ್ನ ಮನೆಯಲ್ಲಿ ಎಲೆ ಕಟ್ಟಬೇಕು ಎಂದು ಮೊದಲೇ ಹೇಳಿದ್ದಳು. ಹಾಗಾಗಿ ಅವಳ ಎಲೆ ಮುರಿದ ದಿನ ನಾನು ಅವಳ ಚಪ್ಪರದಲ್ಲಿ, ಹೆಂಗಸರ ಸಾಲಿನ ಕೊನೆಗೆ, ಕಡ್ಡಿಯೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಎಲೆಯನ್ನು ಜೋಡಿಜೋಡಿಯಾಗಿ ಹುರಿಯಲ್ಲಿ ಬಿಗಿದು ಆಚೆ ಒಂದು ಈಚೆ ಒಂದು ಇಳಿಬಿಡಬೇಕು. ನಾನು ಕಟ್ಟಿದ ಕಡ್ಡಿಯನ್ನು ಮೇಲೆತ್ತಿದರೆ ಎಲೆಗಳು ಒಂದೊಂದಾಗಿ ಜಾರಿ ಬೀಳುತ್ತಿದ್ದವು. ಎಲೆಯ ಅಂಟು ಹತ್ತಿ ಬೆರಳು ಕರ್ರಗಾಗಿತ್ತು. ಕೈಬೆರಳ ಅಂಟಿನಲ್ಲಿ ಏನೇನಿರುತ್ತದೆಂದು ನನಗೆ ಗೊತ್ತು, ಬಾಯಿ ತೆರೆಯಲಿಲ್ಲ.

ಸಂಜೆ ಆಕೆ ನನ್ನ ಕಡ್ಡಿಗಳನ್ನು ಎತ್ತೆತ್ತಿ ನೋಡಿ, ಇವರದು ಒಂದಾಳು ಲೆಕ್ಕ ಹಿಡಿಯಲು ಆಗುವುದಿಲ್ಲ, ಅರ್ಧ ಆಳು ಎಂದಳು. ಅಕ್ಕ ಒಪ್ಪಲಿಲ್ಲ.

"ಮುಕ್ಕಾಲಾರ ಹಿಡ್ಕೊಳವ್ವ, ನನ್ ತಮ್ಮ ಕಣೆ."

"ತಮ್ಮ ಅಂತ್ಲೇ ಅರ್ಧ ಅಂದಿದ್ದು ಕಣಕ್ಕ. ಬ್ಯಾರೆಯೋರಾಗಿದ್ರೆ ಕಾಲು."

ಇಬ್ಬರೂ ಎಲೆಯ ರಾಶಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಸೆರಗು ಬಾಯಿಗಿಟ್ಟು ನಗುತ್ತ, ನನ್ನ ಬೆಲೆಯನ್ನು ಇಳಿಸುತ್ತ ಏರಿಸುತ್ತ ಇದ್ದರು. ಕತ್ತಲಾಗುವ ಮುಂಚೆ ಅರ್ಧಕ್ಕೇ ಇತ್ಯರ್ಥವಾಯಿತು. ನನ್ನನ್ನು ಯಾರೂ ಕೇಳಲಿಲ್ಲ.